ತಮ್ಮನ ಬೆನ್ನು, ನನ್ನ ಎಡಗಾಲು

ನನ್ನ ತಮ್ಮ ಒಂದು ಮೇಜು ಕೇಳಿದ. ನಾನು ಕೊಡಲಿಲ್ಲ. ಹೊಸ ಮೇಜೇನಲ್ಲ, ಮನೆಯಲ್ಲಿ ಇದ್ದದ್ದೇ. ಅದರ ಮೇಲೆ ನನ್ನ ಗ್ರೈಂಡರ್ ಕೂತಿತ್ತು. ಗ್ರೈಂಡರನ್ನು ನೆಲಕ್ಕೆ ಇಳಿಸಿ ಮೇಜನ್ನು ಅವನ ಕಂಪ್ಯೂಟರಿಗೆ ಬಿಟ್ಟುಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅದನ್ನು ಮಾಡದೆ ನಾನು ಅವನ ಬೆನ್ನಿಗೆ ಒದ್ದೆ. ಒದ್ದದ್ದು ಸಿಟ್ಟಿನಿಂದ. ಹೇಳಿಕೊಂಡದ್ದು ಮಾತ್ರ ಮದ್ದು ಎಂದು.

ಮದ್ದಿನ ವಿಷಯ ಮೊದಲು ಹೇಳಬೇಕು. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ನಮ್ಮ ಕುಂದಾಪುರದ ಕಡೆ ಹಾಗೆ ಹುಟ್ಟಿದವರ ಕಾಲಿಗೆ ಒಂದು ಗುಣವಿದೆ ಎಂದು ನಂಬುತ್ತಾರೆ. ಬೆನ್ನು ಹಿಡಿದುಕೊಂಡವರು, ಸೊಂಟ ಉಳುಕಿದವರು ಬಂದು ಬೋರಲು ಮಲಗುತ್ತಾರೆ. ಅವರ ಬೆನ್ನನ್ನು ಎಡಗಾಲಿನಿಂದ ಮೂರು ಸಲ ಸವರಿ, ಕೊನೆಗೆ ಮೆಲ್ಲಗೆ ಒಂದು ಒದೆ ಕೊಡಬೇಕು. ನನಗೆ ನಡೆಯಲು ಬಂದ ದಿನದಿಂದಲೂ ಅಜ್ಜಿ ನನ್ನನ್ನು ಕಂಕುಳಲ್ಲಿ ಎತ್ತಿಹಿಡಿದು ಊರ ದೊಡ್ಡ ಗಂಡಸರ ಬೆನ್ನ ಮೇಲೆ ನಿಲ್ಲಿಸುತ್ತಿದ್ದರಂತೆ. ಕಾಲು ತೊಳೆದುಕೊಂಡು ಒದೆಯಬೇಕು, ಒದೆಸಿಕೊಂಡವರು ತಿರುಗಿ ನೋಡದೆ ಹೋಗಬೇಕು. ಇಷ್ಟೇ ಅದರ ಶಾಸ್ತ್ರ.

ಅಪ್ಪಯ್ಯ ಚೆನ್ನೈಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಗೆ ಇದ್ದರು. ಅಮ್ಮ ಜ್ವರದಲ್ಲಿ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿನಲ್ಲಿದ್ದ. ನನ್ನನ್ನು ಐದನೇ ಕ್ಲಾಸಿಗೆ ಬಿಡಿಸಿ ಇಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬಂದರು. ಕೀಲ್ಪಾಕಿನ ಹಿಂಭಾಗದ ಒಂದು ಓಣಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಇವತ್ತಿಗೂ ನಾವು ಅಲ್ಲೇ ಇದ್ದೇವೆ. ಹೋಟೆಲಿಗೆ ಬರುತ್ತಿದ್ದ ಕನ್ನಡ ವಾರಪತ್ರಿಕೆಗಳನ್ನು ಅಪ್ಪಯ್ಯ ಹಳತಾದ ಮೇಲೆ ಮನೆಗೆ ತರುತ್ತಿದ್ದರು. ಓದುವುದನ್ನು ನಾನು ಬಿಡದೆ ಇದ್ದದ್ದು ಅದರಿಂದ.

ಅಪ್ಪಯ್ಯ ಹೋಟೆಲಿನಿಂದ ಎರಡು ಬಗೆಯದನ್ನು ತರುತ್ತಿದ್ದರು, ತಿಂಡಿ ಮತ್ತು ಪೆಟ್ಟು. ಅಲ್ಲಿ ಸಾರು ಉಪ್ಪಾಯಿತೆಂದು ಯಜಮಾನರು ಇವರ ಮೇಲೆ ಸೌಟು ಬೀಸಿದ ದಿನ ಇಲ್ಲಿ ಇವರು ನಮ್ಮ ಮೇಲೆ ಬೀಸುತ್ತಿದ್ದರು. ಮುಖಕ್ಕೆ ಹೊಡೆದರೆ ಓಣಿಯವರಿಗೆ ಕಾಣುತ್ತದೆಂದು ಬೆನ್ನಿಗೇ ಹೊಡೆಯುವುದು. ನಮ್ಮ ಮನೆಯಲ್ಲಿ ಬೆನ್ನು ಇದ್ದದ್ದೇ ಗುದ್ದು ತಿನ್ನಲಿಕ್ಕೆ. ಅಪ್ಪಯ್ಯನಿಂದ ತಿಂದದ್ದನ್ನು ನಾನು ಅಪ್ಪಯ್ಯ ಮಲಗಿದ ಮೇಲೆ ತಮ್ಮನಿಗೆ ಕೊಡುತ್ತಿದ್ದೆ. ಹಾಲು ಚೆಲ್ಲಿದರೆ ಗುದ್ದು. ತಮಿಳಿನಲ್ಲಿ ಉತ್ತರ ಕೊಟ್ಟರೆ ಗುದ್ದು. ಒಂದು ಸಲ ಅವನು ಶಾಲೆಯಲ್ಲಿ ಬಹುಮಾನವಾಗಿ ಸಿಕ್ಕಿದ ಪೆನ್ನಿನ ಡಬ್ಬಿಯನ್ನು ತಂದು ತೋರಿಸಿದ. ಆ ದಿನವೂ ಗುದ್ದಿದೆ. ಯಾಕೆಂದು ಆಗ ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಆ ಡಬ್ಬಿ ನನ್ನದಾಗಬೇಕಿತ್ತು.

ನನ್ನ ಮದುವೆಯೂ ಆಯಿತು. ಒಂದು ವರ್ಷದೊಳಗೆ ವಾಪಸು ಬಂದೆ. ಅದು ಇಲ್ಲಿ ಬೇಡ. ಅಪ್ಪಯ್ಯ ಹೋದ ಮೇಲೆ ನಾನು ಇಡ್ಲಿ ಹಿಟ್ಟು ರುಬ್ಬಿ ಮನೆಮನೆಗೆ ಕೊಡಲು ಶುರು ಮಾಡಿದೆ. ತಮ್ಮ ಓದಿ ಅಂಬತ್ತೂರಿನ ಒಂದು ಆಫೀಸಿಗೆ ಸೇರಿದ. ಹೊರದೇಶದ ಆಸ್ಪತ್ರೆಗಳ ಬಿಲ್ಲುಗಳನ್ನು ನೋಡಿ, ಯಾವ ರೋಗಕ್ಕೆ ಯಾವ ನಂಬರು ಎಂದು ಕಂಪ್ಯೂಟರಿನಲ್ಲಿ ಹಾಕುವ ಕೆಲಸ. ಜಗತ್ತಿನವರ ಬೆನ್ನುನೋವಿಗೆಲ್ಲ ಅವನ ಹತ್ತಿರ ನಂಬರು ಇತ್ತು.

ನನ್ನ ಹತ್ತಿರ ಎಡಗಾಲು ಇತ್ತು. ಭಾನುವಾರ ಮಧ್ಯಾಹ್ನ ಹೋಟೆಲುಗಳ ಹುಡುಗರು, ಭಟ್ಟರು, ಹಿಟ್ಟು ಹೊರುವವರು ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದರು. ಎಲ್ಲರೂ ನಮ್ಮ ಕಡೆಯವರೇ.

"ಅಕ್ಕ, ಸೊಂಟ ಹಿಡ್ಕಂಡಿತ್. ಒಂದ್ ಒದಿ ಕೊಡಿ ಕಾಂಬ."

"ಹೆಂಡ್ತಿ ಕೊಡುದ್ ಸಾಕಾತಿಲ್ಯಾ ನಿಂಗೆ?"

"ಅವ್ಳ್ ಹುಟ್ಟದ್ ತಲಿ ಮುಂದಾಯಿ ಅಕ್ಕ. ಅವ್ಳ್ ಒದ್ರೆ ನೋವ್ ಬತ್ತೇ ಬಿಟ್ರೆ ಹೋತಿಲ್ಲೆ."

ನಗುತ್ತ ಮಲಗುತ್ತಿದ್ದರು. ನಾನು ಕಾಲು ತೊಳೆದು ಸೀರೆ ಎತ್ತಿ ಸಿಕ್ಕಿಸಿ ನಿಲ್ಲುತ್ತಿದ್ದೆ. ದಿನವೆಲ್ಲ ಎಲ್ಲರ ಬಾಗಿಲಲ್ಲಿ ಹಿಟ್ಟಿನ ಪೊಟ್ಟಣ ಹಿಡಿದು ನಿಲ್ಲುವವಳಿಗೆ ಆ ಒಂದು ಗಳಿಗೆ ಗಂಡಸರು ಕಾಲ ಕೆಳಗೆ ಮಲಗುತ್ತಿದ್ದರು. ಅದರಲ್ಲಿ ನನಗೆ ಸುಖವಿತ್ತು. ಮುಚ್ಚಿಡುವುದಿಲ್ಲ.

ಕೊರೊನಾ ಕಾಲದಲ್ಲಿ ತಮ್ಮನ ಆಫೀಸಿನವರು ಕಂಪ್ಯೂಟರು ಕೊಟ್ಟು ಮನೆಗೆ ಕಳಿಸಿದರು. ಆಮೇಲೂ ವಾಪಸು ಕರೆಯಲಿಲ್ಲ. ಮನೆಯಲ್ಲಿ ಅವನಿಗೆ ಜಾಗವೆಂದರೆ ಅಪ್ಪಯ್ಯನ ಹಳೆಯ ಮಂಚ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ಬಾವಿಗೆ ಇಣುಕುವವನ ಹಾಗೆ ಕತ್ತು ಮುಂದೆ ಚಾಚಿ ಬೆಳಗಿನಿಂದ ಸಂಜೆಯವರೆಗೆ ಅದರೊಳಗೆ ನೋಡುತ್ತಿದ್ದ. ವರ್ಷ ಕಳೆದಂತೆ ಎದ್ದು ನಿಂತಾಗಲೂ ಕತ್ತು ಹಿಂದಕ್ಕೆ ಬರದಾಯಿತು. ಕುಡಿಯುವ ನೀರನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಲು ಆಗದೆ ಲೋಟವನ್ನು ಕಚ್ಚಿ ಕುಡಿಯತೊಡಗಿದ.

"ಅಕ್ಕ, ಕುತ್ತಿಗಿ ಸಮಾ ನೋವ್. ಕೈಯೆಲ್ಲ ಜುಂ ಅಂತಿತ್."

"ಕೂಕಂಡ್ ಕೂಕಂಡ್ ನೋವ್ ಬಪ್ಪುದ್ ನಿಂಗೊಬ್ನಿಗೇ ಕಾಣ್. ನಾನ್ ನಿಂತಲ್ಲೇ ಸಾಯ್ತಾ ಇದ್ದೆ, ನಂಗೆ ಎಂತದೂ ಇಲ್ಲೆ."

ಕೂತವರಿಗೆ ನೋವಾಗುತ್ತದೆ ಎಂಬುದನ್ನು ನಾನು ನಂಬಿಯೇ ಇರಲಿಲ್ಲ. ನೋವು ಹೊರುವವರದು, ರುಬ್ಬುವವರದು, ಬೆಂಕಿಯ ಮುಂದೆ ನಿಲ್ಲುವವರದು. ಆದರೂ ಮಲಗಿಸಿ ಸವರಿ ಒದ್ದೆ. ಅವನು ಎದ್ದು ಭುಜ ತಿರುಗಿಸಿ "ಪರ್ವಾಗಿಲ್ಲೆ ಅಕ್ಕ" ಎಂದ. ಮರುದಿನಕ್ಕೆ ಮತ್ತೆ ನೋವು. ಮತ್ತೆ ಒದೆ. ಹೀಗೆ ಬಹಳ ಕಾಲ ನಡೆಯಿತು. ಪ್ರತಿ ಸಲವೂ ನನ್ನ ಒದೆ ಒಂಚೂರು ಗಟ್ಟಿಯಾಗುತ್ತ ಹೋಯಿತು. ಮೆಲ್ಲಗೆ ಒದ್ದರೆ ಗುಣವಾಗುತ್ತಿಲ್ಲ, ಅದಕ್ಕೆ ಎಂದುಕೊಂಡೆ. ಅದು ಅರ್ಧ ಸತ್ಯ.

ಒಂದು ದಿನ ಅವನು ನನಗೆ ಹೇಳದೆ ಪಕ್ಕದ ರಸ್ತೆಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿಬಂದ. ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾಠ ಒಪ್ಪಿಸಿದ.

"ಮಂಚದ್ ಮೇಲೆ ಕೂಕಣ್ಕಾಗ ಅಂದ್ರ್ ಅಕ್ಕ. ಮೇಜ್ ಬೇಕಂಬ್ರ್. ಸ್ಕ್ರೀನಿನ್ ಮೇಲಿನ್ ಅಂಚ್ ಕಣ್ಣಿನ್ ಸಮಕ್ಕೆ ಇರ್ಕ್. ಕೀಬೋರ್ಡ್ ಬೇರೆ ತಕಂಡ್ ಕೆಳ್ಗೆ ಇಟ್ಕಣ್ಕ್. ಮೊಣಕೈ ಊರೂಕ್ ಆಯ್ಕ್, ಕಾಲ್ ನೆಲಕ್ ತಾಗ್ಕ್. ಅರ್ಧ ಗಂಟಿಗೊಂದ್ಸಲ ಎದ್ದ್ ತಿರ್ಗ್ಕ್."

"ಆರ್ತಿ ಎತ್ತೂಕೆ ಯಾರ್ ಬಪ್ಪುದಂಬ್ರ್?"

"ಅಕ್ಕ, ಪ್ಲೀಸ್. ಗ್ರೈಂಡರ್ ಕೆಳ್ಗೆ ಇಟ್ರೆ ಆ ಮೇಜ್ ನಂಗೆ ಸಾಕ್."

"ಮೇಜಿನ್ ಮೇಲೆ ಗ್ರೈಂಡರ್ ಕೂಕಂಡಿತ್. ಅದ್ಕೂ ಕುತ್ತಿಗಿ ನೋವಿತ್ತಾ ಕೇಣ್ ಹೋಗ್."

ಅವನು ಹೇಳಲೋ ಬೇಡವೋ ಎಂಬಂತೆ ಹೇಳಿದ. "ಇನ್ಮೇಲೆ ಒದ್ಸ್‌ಕಂಬುದ್ ಬ್ಯಾಡ ಅಂದ್ರ್. ಡೇಂಜರ್ ಅಂಬ್ರ್."

ನನ್ನ ಕೈಯಲ್ಲಿ ತೆಂಗಿನಕಾಯಿ ಇತ್ತು. ಕತ್ತಿಯ ಹಿಂಬದಿಯಿಂದ ಒಂದೇ ಪೆಟ್ಟಿಗೆ ಒಡೆದೆ. ನೀರು ಅವನ ಅಂಗಿಗೆ ಹಾರಿತು. ನಿನ್ನೆ ಮೊನ್ನೆ ಬಂದ ಕ್ಲಿನಿಕ್ಕಿನ ಹುಡುಗಿ ನನ್ನ ಕಾಲನ್ನು ಡೇಂಜರ್ ಎಂದಳು, ಇವನು ಅದನ್ನು ಹೊತ್ತುಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಸುರಿದ. ಮೇಜಿನ ಮಾತು ಅಲ್ಲಿಗೆ ಸತ್ತುಹೋಯಿತು. ಗ್ರೈಂಡರ್ ನೆಲದ ಮೇಲಿದ್ದರೆ ನನಗೆ ಬಗ್ಗಿ ರುಬ್ಬಬೇಕಾಗುತ್ತದೆ, ನನ್ನ ಸೊಂಟಕ್ಕೆ ಬೆಲೆ ಇಲ್ಲವೇ ಎಂದು ಓಣಿಯವರಿಗೆಲ್ಲ ಕೇಳುವ ಹಾಗೆ ಕೂಗಿದೆ. ನೆಲದ ಮೇಲೆ ಇಟ್ಟು ರುಬ್ಬಿ ನನಗೆ ಅಭ್ಯಾಸವಿತ್ತು. ಮೇಜು ಬಂದದ್ದೇ ಆಮೇಲೆ.

ಅದಾಗಿ ಕೆಲವು ದಿನಕ್ಕೆ ನಾನು ಹಿಟ್ಟು ಕೊಟ್ಟು ಮನೆಗೆ ಬಂದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಹೋಗುವಾಗ ಗ್ರೈಂಡರಿಗೆ ಹಾಕಿದ್ದ ಉದ್ದು ನುಣ್ಣಗಾಗಿ ಉಕ್ಕುತ್ತಿತ್ತು, ತೆಗೆದು ಹಾಕಲು ದೊಡ್ಡ ಸ್ಟೀಲ್ ಪಾತ್ರೆ ಎಲ್ಲಿಯೂ ಇಲ್ಲ. ಹುಡುಕುತ್ತ ಮುಂದಿನ ಕೋಣೆಗೆ ಬಂದೆ. ತಮ್ಮ ಸ್ಟೂಲಿನ ಮೇಲೆ ನನ್ನ ಪಾತ್ರೆಯನ್ನು ಕವುಚಿ ಹಾಕಿ, ಅದರ ತಳದ ಮೇಲೆ ಲ್ಯಾಪ್‌ಟಾಪ್ ನಿಲ್ಲಿಸಿ, ಹೊಸದಾಗಿ ತಂದ ಕೀಬೋರ್ಡನ್ನು ಊಟದ ಮಣೆಯ ಮೇಲೆ ಇಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ. ನೆಟ್ಟಗೆ ಕೂತಿದ್ದ. ಕಾಲು ನೆಲಕ್ಕೆ ತಾಗಿತ್ತು. ಬಹಳ ವರ್ಷಗಳಲ್ಲಿ ಮೊದಲ ಸಲ ಅವನ ಕತ್ತು ಇರಬೇಕಾದಲ್ಲಿ ಇತ್ತು. ಅದನ್ನು ನಾನು ನೋಡಿದೆ. ನೋಡಿಯೂ ಪಾತ್ರೆಯನ್ನು ಎಳೆದೆ.

ಲ್ಯಾಪ್‌ಟಾಪ್ ಮಂಚದ ಕಾಲಿಗೆ ಬಡಿದು ಕೆಳಗೆ ಬಿತ್ತು. ಮುಚ್ಚಳ ಒಂದು ಬದಿ ಕಿತ್ತು ಜೋತುಬಿತ್ತು. ಅವನು ಅದನ್ನು ಹಿಡಿಯಲು ಬಗ್ಗಿದಾಗ ನಾನು ಕೀಬೋರ್ಡನ್ನು ಎತ್ತಿ ಗೋಡೆಗೆ ಬೀಸಿದೆ. ಗುಂಡಿಗಳು ಕಿತ್ತು ಮಂಚದ ಕೆಳಗೆ, ಬಾಗಿಲ ಸಂದಿಗೆ, ಅಡುಗೆಮನೆಯ ಹೊಸ್ತಿಲವರೆಗೆ ಚೆಲ್ಲಿದವು.

"ಪೈತ್ಯಂ ಪುಡಿಚ್ಚಿರುಕ್ಕಾ ಉನಕ್ಕು?" ಎಂದು ಅರಚಿದ. ಹುಚ್ಚು ಹಿಡಿದಿದೆಯಾ ನಿನಗೆ ಎಂದು. ತಮಿಳಿನಲ್ಲಿ, ಅದೂ ಏಕವಚನದಲ್ಲಿ.

ನಾನು ಅದೇ ಪಾತ್ರೆಯಿಂದ ಅವನ ತೋಳಿಗೆ ಬಾರಿಸಿದೆ. ಅವನು ನನ್ನನ್ನು ದೂಡಿದ. ಜೀವಮಾನದಲ್ಲಿ ಮೊದಲ ಸಲ ದೂಡಿದ. ನನ್ನ ಸೊಂಟ ಬಾಗಿಲ ಚೌಕಟ್ಟಿಗೆ ಬಡಿಯಿತು. ನಾನು ಎದ್ದು ಬಂದು ಅವನ ಕೂದಲಿಗೆ ಕೈ ಹಾಕಿ ಎಳೆದೆ. ಅವನು ನನ್ನ ಮುಂಗೈಯನ್ನು ಹಿಡಿದುಕೊಂಡು "ಪೋದುಂ ಅಕ್ಕಾ, ಪೋದುಂ" ಎನ್ನುತ್ತಿದ್ದ. ಸಾಕು, ಸಾಕು. ಹೇಳುತ್ತ ಇದ್ದವನು ಒಮ್ಮೆಲೇ ಹಿಡಿತ ಬಿಟ್ಟು ಕತ್ತನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಸಿದು ಕೂತ. ಎಳೆದಾಟದಲ್ಲಿ ಕತ್ತು ಹಿಡಿದುಕೊಂಡಿತ್ತು.

"ಮಲ್ಕೊ" ಎಂದೆ ನಾನು.

ಅವನು ಮಲಗಿದ. ಇವತ್ತಿಗೂ ನನ್ನನ್ನು ಸುಡುವುದು ಇದೇ. ಓಡಿಹೋಗಬಹುದಿತ್ತು, ನನ್ನನ್ನು ಹೊರಗೆ ಹಾಕಿ ಚಿಲಕ ಹಾಕಿಕೊಳ್ಳಬಹುದಿತ್ತು. ಕೂದಲು ಕಿತ್ತ ಅಕ್ಕ ಮಲ್ಕೊ ಎಂದಳೆಂದು ಆ ದೊಡ್ಡ ಗಂಡಸು ಒಡೆದ ಕೀಬೋರ್ಡಿನ ಗುಂಡಿಗಳ ಮೇಲೆ ಬೋರಲಾಗಿ ಮಲಗಿದ.

ನಾನು ಕಾಲು ತೊಳೆಯಲಿಲ್ಲ. ಸವರಲಿಲ್ಲ. ಸೊಂಟಕ್ಕಲ್ಲ, ಬೆನ್ನಿನ ನಡುವಿಗೂ ಅಲ್ಲ, ಎರಡು ಭುಜಗಳ ನಡುವೆ, ಕತ್ತಿನ ಬುಡಕ್ಕೆ, ಹಿಮ್ಮಡಿಯಿಂದ ಇದ್ದ ಬಲವನ್ನೆಲ್ಲ ಹಾಕಿ ಒದ್ದೆ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಅವನು ಕೂಗಿದ ಕೂಗಿಗೆ ಕೆಳಮನೆಯವರು ಮೆಟ್ಟಿಲು ಹತ್ತಿ ಓಡಿಬಂದರು. ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗುತ್ತಲೇ ಇತ್ತು, ಉದ್ದು ಉಕ್ಕಿ ಮೇಜಿನಿಂದ ನೆಲಕ್ಕೆ ಇಳಿಯುತ್ತಿತ್ತು. ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ನೋಡಿದ. "ಅಕ್ಕ, ಕೈ ಇಲ್ಲೆ" ಎಂದ. ಕೈ ಇತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ.

ದೊಡ್ಡಾಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರು ಅವನ ಅಂಗಿ ಎತ್ತಿ ನೋಡಿದರು. ಬೆನ್ನಿನ ಮೇಲೆ ಹಿಮ್ಮಡಿಯ ಗುರುತು ಕೆಂಪಗೆ ಬಾತುಕೊಂಡಿತ್ತು, ಯಾರು ನೋಡಿದರೂ ಹಿಮ್ಮಡಿ ಎಂದೇ ಹೇಳಬಹುದಿತ್ತು.

"ಯಾರ್ ಅಡಿಚ್ಚಾಂಗ?" ಎಂದು ಕೇಳಿದರು. ಯಾರು ಹೊಡೆದದ್ದು?

ನಾನು ಅಲ್ಲೇ ನಿಂತಿದ್ದೆ, ಒಂದು ಮಾರು ದೂರದಲ್ಲಿ.

"ಪಡಿಯಿಲೆ ವಿಳುಂದುಟ್ಟೇನ್ ಸಾರ್" ಎಂದ ತಮ್ಮ. ಮೆಟ್ಟಿಲಲ್ಲಿ ಬಿದ್ದೆ ಎಂದು.

ಡಾಕ್ಟರು ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಬರೆದುಕೊಂಡರು. ಸ್ಕ್ಯಾನ್ ಬಂದ ಮೇಲೆ ವಿವರಿಸಿದರು. ವರ್ಷಗಟ್ಟಲೆ ಕತ್ತು ಬಗ್ಗಿಸಿ ಕೂತು ಎಲುಬಿನ ನಡುವಿನ ಮೆತ್ತೆ ಮೊದಲೇ ಹೊರಗೆ ಉಬ್ಬಿದೆ. ಈಗ ಪೆಟ್ಟು ಬಿದ್ದು ಇನ್ನಷ್ಟು ಜಾರಿ ಕೈಗೆ ಹೋಗುವ ನರವನ್ನು ಅದುಮಿದೆ. ಕತ್ತಿಗೆ ಪಟ್ಟಿ, ವಿಶ್ರಾಂತಿ, ಆಮೇಲೆ ವ್ಯಾಯಾಮ. ಬೆರಳುಗಳಿಗೆ ಜೀವ ಬಂದರೆ ಸರಿ, ಬರದಿದ್ದರೆ ಆಪರೇಷನ್. ಆಪರೇಷನ್ ಆದರೂ ಬೆರಳು ಮೊದಲಿನ ಹಾಗೆ ಆಗುತ್ತದೆಂದು ಹೇಳಲಾರೆ ಎಂದರು.

ಬೆರಳು ಇಲ್ಲದಿದ್ದರೆ ಅವನಿಗೆ ಕೆಲಸವಿಲ್ಲ. ಆಫೀಸಿನವರು ರಜೆ ಕೊಟ್ಟರು, ಎಷ್ಟು ದಿನ ಕಾಯುತ್ತಾರೆಂದು ಹೇಳಲಿಲ್ಲ. ಅವನು ದಿನವೂ ಮಂಚದ ಮೇಲೆ ಮಲಗಿ ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಲು ನೋಡುತ್ತಿದ್ದ. ತಾಗುತ್ತಿರಲಿಲ್ಲ. ನಾನು ಅನ್ನ ಕಲಸಿ ಬಾಯಿಗೆ ಕೊಡುತ್ತಿದ್ದೆ. ಕೈ ಹತ್ತಿರ ತಂದಾಗಲೆಲ್ಲ ಅವನು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ನೋವಿಗೆ ಎಂದುಕೊಂಡೆ.

ಆಸ್ಪತ್ರೆಯಿಂದ ಬಂದ ದಿನವೇ ನಾನು ಗ್ರೈಂಡರನ್ನು ನೆಲಕ್ಕೆ ಇಳಿಸಿದೆ. ಯಾರನ್ನೂ ಕರೆಯದೆ ಒಬ್ಬಳೇ ಇಳಿಸಿದೆ. ಮೇಜನ್ನು ಉಜ್ಜಿ ತೊಳೆದು ಮುಂದಿನ ಕೋಣೆಗೆ ಎಳೆದೆ. ಬೆನ್ನಿಗೆ ಆತು ಕೂರುವ ಕುರ್ಚಿ ತಂದೆ. ಅದರಲ್ಲಿ ಸೊಂಟದ ಹತ್ತಿರ ಟವಲನ್ನು ಸುರುಳಿ ಸುತ್ತಿ ಕಟ್ಟಿದೆ. ಆಫೀಸಿನವರು ಲ್ಯಾಪ್‌ಟಾಪನ್ನು ಸರಿಮಾಡಿಸಿ ಕಳಿಸಿದರು, ಅದರ ಕೆಳಗೆ ಹಲಗೆ ತುಂಡುಗಳನ್ನು ಇಟ್ಟು ಅವನ ಕಣ್ಣಿನ ಸಮಕ್ಕೆ ಎತ್ತರಿಸಿದೆ. ಹೊಸ ಕೀಬೋರ್ಡ್. ಮೊಣಕೈ ಊರಲು ಜಾಗ. ಕತ್ತನ್ನು ಹಿಂದಕ್ಕೆ ಎಳೆದು ಗಲ್ಲವನ್ನು ಒಳಗೆ ತರುವ ವ್ಯಾಯಾಮ, ಭುಜವನ್ನು ಹಿಂದಕ್ಕೆ ತಿರುಗಿಸುವುದು, ದೂರ ನೋಡಿ ಕಣ್ಣು ಆರಿಸುವುದು, ಎಲ್ಲವನ್ನೂ ಅವನಿಂದ ಕೇಳಿ ಬಾಯಿಪಾಠ ಮಾಡಿದೆ. ಶಾಲೆ ಬಿಟ್ಟ ಮೇಲೆ ನಾನು ಅಷ್ಟು ಶ್ರದ್ಧೆಯಿಂದ ಕಲಿತದ್ದು ಬೇರೆ ಇಲ್ಲ.

ಆ ಮಧ್ಯೆ ಒಬ್ಬ ಬಂದ. ಕೋಯಂಬೇಡಿನ ಮಾರ್ಕೆಟ್ಟಿನಲ್ಲಿ ಬಾಳೆಗೊನೆ ಹೊರುವ ಘಟ್ಟದ ಮೇಲಿನವನು, ನಮ್ಮ ಕಡೆಯ ಭಟ್ಟರೊಬ್ಬರು ಕಳಿಸಿದ್ದರಂತೆ. ಕೇಳದೆ ಜಗಲಿಯಲ್ಲಿ ಅಂಗಿ ಬಿಚ್ಚಿ ಬೋರಲು ಮಲಗಿಬಿಟ್ಟ. ಆ ಅಗಲ ಬೆನ್ನು ಕಂಡದ್ದೇ ನನಗೆ ಏನಾಯಿತೋ, ಬಕೆಟ್ಟಿನ ನೀರನ್ನು ಎತ್ತಿ ಅವನ ಮೇಲೆ ಸುರಿದೆ. ಅವನು ಬೊಬ್ಬೆ ಹಾಕುತ್ತ ಎದ್ದ.

"ಏನಕ್ಕಾ ಇದು! ಒದೀತೀರಿ ಅಂದ್ರು, ಸ್ನಾನ ಮಾಡಿಸ್ತೀರಲ್ಲ!"

"ಡಾಕ್ಟ್ರ್ ಹತ್ರ ಹೋಗ್. ಇನ್ನೊಂದ್ಸಲ ಇಲ್ಲಿ ಮಲಗಿದ್ರೆ ಬಕೀಟೇ ಬೀಳತ್ ತಲಿ ಮೇಲೆ."

ಒಳ್ಳೆಯ ಮಾತನ್ನೂ ನಾನು ಹೀಗೇ ಹೇಳುವವಳು. ತಮ್ಮನ ವಿಷಯದಲ್ಲೂ ಹಾಗೇ ಆಯಿತು. ಪಟ್ಟಿ ಬಿಚ್ಚಿದರು, ಬೆರಳುಗಳಿಗೆ ಮೆಲ್ಲಮೆಲ್ಲಗೆ ಜೀವ ಬರತೊಡಗಿತು, ಅವನು ದಿನಕ್ಕೆ ಸ್ವಲ್ಪ ಹೊತ್ತು ಕೆಲಸಕ್ಕೆ ಕೂತ. ನಾನು ಅಡುಗೆಮನೆಯಿಂದ ಕಾವಲು ಕಾಯುತ್ತಿದ್ದೆ. ಕತ್ತು ಒಂಚೂರು ಮುಂದೆ ಬಂದರೆ "ತಲಿ ಎತ್ತ್!" ಎಂದು ಕೂಗು. ಅರ್ಧ ಗಂಟೆ ಆದರೆ ಸೌಟಿನಿಂದ ತಟ್ಟೆಗೆ ಬಡಿದು "ಏಳ್!" ಕೆಲವು ಸಲ ಸದ್ದಿಲ್ಲದೆ ಹಿಂದಿನಿಂದ ಬಂದು ಅವನ ಭುಜ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆಂದು ನನ್ನ ಲೆಕ್ಕ.

ಬೆರಳು ಮುಕ್ಕಾಲು ಸರಿಹೋಗಿ ಅಲ್ಲೇ ನಿಂತಿತು. ಸಂಜೆಯಾದರೆ ಮತ್ತೆ ಕತ್ತಿನಲ್ಲಿ ಬೆಂಕಿ, ಮತ್ತೆ ಕೈಯಲ್ಲಿ ಜುಂ. ಆಫೀಸಿನಿಂದ ಫೋನು ಬಂತು, ಪೂರ್ತಿ ದಿನ ಕೂರಲು ಆಗುತ್ತದೋ ಇಲ್ಲವೋ ತಿಳಿಸಿ ಎಂದು. ಅವನು ಉತ್ತರ ಕೊಡುವ ಮೊದಲು ಕ್ಲಿನಿಕ್ಕಿನ ಮೇಡಂಗೆ ತಾನು ಕೂರುವ ಜಾಗದ ಫೋಟೋ ಕಳಿಸಿದ. ಮೇಜು ಸರಿ ಇದೆ, ಕುರ್ಚಿ ಸರಿ ಇದೆ, ಸ್ಕ್ರೀನ್ ಸರಿ ಇದೆ, ಮತ್ತೆ ಭುಜ ಯಾಕೆ ಕಲ್ಲಾಗಿದೆ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದಳಂತೆ ಅವಳು.

ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಚಿಕ್ಕ ಹುಡುಗಿ, ನನ್ನ ಭುಜದಷ್ಟು ಎತ್ತರ. ನನ್ನನ್ನು ಗೋಡೆಯ ಹತ್ತಿರದ ಬೆಂಚಿನ ಮೇಲೆ ಕೂರಿಸಿ, ತಮ್ಮನನ್ನು ತನ್ನ ಮೇಜಿನ ಮುಂದೆ ಕೂರಿಸಿ, ಮನೆಯಲ್ಲಿ ಹೇಗೆ ಕೆಲಸ ಮಾಡುತ್ತೀರೋ ಹಾಗೆ ಮಾಡಿ ಎಂದಳು. ಅವನ ಬೆನ್ನು ನನ್ನ ಕಡೆಗಿತ್ತು. ಅವನು ಟೈಪು ಮಾಡಿದ. ಅವಳು ಅವನ ಭುಜದ ಮೇಲೆ ಎರಡು ಬೆರಳಿಟ್ಟು ನೋಡುತ್ತಿದ್ದಳು. ಚೆನ್ನಾಗಿದೆ, ಸಡಿಲ ಬಿಡಿ, ಹಾಗೇ, ಎನ್ನುತ್ತಿದ್ದಳು. ಭುಜಗಳು ನಿಜವಾಗಿಯೂ ಕೆಳಗೆ ಇಳಿದಿದ್ದವು.

ನನಗೆ ನೀರಡಿಕೆಯಾಗಿತ್ತು. ಮೂಲೆಯಲ್ಲಿದ್ದ ನೀರಿನ ಕ್ಯಾನಿನ ಹತ್ತಿರ ಹೋಗೋಣವೆಂದು ಎದ್ದೆ. ಬೆಂಚು ನೆಲಕ್ಕೆ ಕರ್ರೆಂದು ಉಜ್ಜಿತು.

ತಮ್ಮನ ಭುಜಗಳು ಕಿವಿಯವರೆಗೆ ಹಾರಿದವು. ಕತ್ತು ಒಳಗೆ ಸೇದಿಕೊಂಡಿತು. ಮೊಣಕೈಗಳು ಪಕ್ಕೆಲುಬಿಗೆ ಅಂಟಿದವು. ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಆ ಭಂಗಿ ನನಗೆ ಗೊತ್ತಿತ್ತು. ಅಪ್ಪಯ್ಯ ಮೆಟ್ಟಿಲು ಹತ್ತುವ ಸದ್ದು ಕೇಳಿದಾಗ ನಾನು ಒಲೆಯ ಮುಂದೆ ಹಾಗೇ ಆಗುತ್ತಿದ್ದೆ.

ಹುಡುಗಿ ಅವನ ಭುಜದಿಂದ ಬೆರಳು ತೆಗೆಯಲಿಲ್ಲ. ನನ್ನನ್ನು ನೋಡಿ, "ಅಕ್ಕಾ, ಕೊಂಚಂ ಮುನ್ನಾಡಿ ವಾಂಗ" ಎಂದಳು. ಸ್ವಲ್ಪ ಮುಂದೆ ಬನ್ನಿ. ನಾನು ಸುತ್ತಿ ಬಂದು ಮೇಜಿನ ಆಚೆ, ಅವನಿಗೆ ಕಾಣುವ ಹಾಗೆ ನಿಂತೆ. ಬಹಳ ಹೊತ್ತಿನ ಮೇಲೆ ಭುಜಗಳು ಒಂದೊಂದಾಗಿ ಇಳಿದವು.

ಮನೆಯಲ್ಲಿ ಬಾಗಿಲು ಯಾವ ಕಡೆ ಎಂದು ಅವಳು ಅವನನ್ನು ಕೇಳಿದಳು. ಹಿಂದೆ ಎಂದ. ಅಡುಗೆಮನೆ? ಅದೂ ಹಿಂದೆ. ಹಾಗಾದರೆ ಮೇಜನ್ನು ತಿರುಗಿಸಿ, ಹಿಂದಿನಿಂದ ಯಾರು ಬರುತ್ತಾರೋ ಎಂದು ದಿನವಿಡೀ ಕಾಯುವ ಭುಜಕ್ಕೆ ಯಾವ ಕುರ್ಚಿಯೂ ಆಗುವುದಿಲ್ಲ ಎಂದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮರುದಿನ ಬೆಳಿಗ್ಗೆ ಮೇಜನ್ನು ತಿರುಗಿಸಿದೆ. ಕುರ್ಚಿಯ ಹಿಂದೆ ಈಗ ಗೋಡೆ ಮಾತ್ರ, ಕಿಟಕಿ ಪಕ್ಕದಲ್ಲಿ. ತಮ್ಮ ಬಂದು ಕೂತ. ಲ್ಯಾಪ್‌ಟಾಪ್ ತೆರೆದ, ಕೆಲಸ ಶುರು ಮಾಡಲಿಲ್ಲ. ನಾನು ಎದುರಿಗೆ ನಿಂತೆ.

"ಈಗ ಸಮಾ ಇತ್ತಾ?"

"ಇತ್ತ್. ಬೆಳ್ಕೂ ಕಣ್ಣಿಗ್ ಹೊಡಿತಿಲ್ಲೆ."

"ನಾನ್ ಹಿಂದ್ ಬಂದ್ರೆ ಹೆದ್ರಿಕಿ ಆತ್ತಾ ನಿಂಗೆ?"

ಅವನು ಕೀಬೋರ್ಡ್ ನೋಡಿದ. "ಪಳಕ್ಕಂ ಅಕ್ಕ. ಅಭ್ಯಾಸ ಆಯಿತ್. ಕುಕ್ಕರ್ ಕೂಗಿರೂ ಹಾಂಗೇ ಆತ್ತ್."

"ಆಸ್ಪತ್ರಿಯಲ್ಲ್ ಮೆಟ್ಲಲ್ಲ್ ಬಿದ್ದೆ ಅಂದ್ಯಲ್ಲ, ಎಂತಕೆ?"

"ಪೊಲೀಸ್ರ್ ನಿಮ್ಮನ್ನ ಹಿಡ್ಕಂಡ್ ಹೋರೆ ಹಿಟ್ಟ್ ಯಾರ್ ರುಬ್ಬುದ್? ನಂಗೆ ಕೈ ಬೇರೆ ಇಲ್ಲೆ" ಎಂದು ನಕ್ಕ. ನಗುವಾಗಲೂ ಅವನ ಕಣ್ಣು ನನ್ನ ಕೈಯ ಮೇಲಿತ್ತು, ಎಲ್ಲಿದೆ, ಏನು ಹಿಡಿದಿದೆ ಎಂದು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲೆ, ಅವನ ಮುಂದೆ ಇಟ್ಟೆ. ನಾನು ಹೇಳಬೇಕಾದದ್ದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳದ ಮಾತು. ಅಪ್ಪಯ್ಯ ನನಗೆ ಹೇಳಲಿಲ್ಲ, ಅಪ್ಪಯ್ಯನಿಗೆ ಯಾರೂ ಹೇಳಲಿಲ್ಲ. ಆದರೂ ಓಣಿಗೆ ಕೇಳಿದರೆ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅದ್ ಮದ್ದಲ್ಲ ಮಗಾ. ನಾನ್ ನಿಂಗೆ ಹೊಡ್ದದ್. ನೀ ಸಣ್ ಮಾಣಿ ಇದ್ದಾಗಿಂದ್ಲೂ ಹೊಡ್ದೆ, ಆ ದಿನವೂ ಹೊಡ್ದೆ. ನೀ ಎಂತದೂ ಮಾಡಿರ್ಲಿಲ್ಲ. ತಪ್ಪಾಯ್ತ್. ನಂದೇ ತಪ್ಪ್."